ಬಾಗಿಲಲ್ಲಿ ನಿಂತ ಮೇಕೆ

ದೀಪ ಹಚ್ಚುವ ಹೊತ್ತಿಗೆ ನಮ್ಮೂರಿನ ಯಾವ ಬೀದಿಯಲ್ಲಿ ನಡೆದರೂ ಕಿಟಕಿಗಳಿಂದ ಕತೆ ಹೇಳುವ ದನಿ ಕೇಳುತ್ತದೆ. ಅದು ಮಕ್ಕಳಿಗೆ ಹೇಳುವ ಕತೆಯಲ್ಲ. ಮಕ್ಕಳು ಆ ಹೊತ್ತಿನಲ್ಲಿ ಇನ್ನೂ ಬೀದಿಯಲ್ಲಿ ಆಡುತ್ತಿರುತ್ತಾರೆ. ಹಗಲೆಲ್ಲ ಪುಸ್ತಕದಿಂದ ಹೊರಗೆ ಬಂದು ಮನೆ ತುಂಬ ಓಡಾಡಿದ ಪ್ರಾಣಿಗಳನ್ನು ಮತ್ತೆ ಅವುಗಳ ಪುಟಕ್ಕೆ ಕರೆದುಕೊಳ್ಳಲು ಹೇಳುವ ಕತೆ ಅದು. ನಮ್ಮಲ್ಲಿ ಅದಕ್ಕೆ ಕರೆಗತೆ ಎನ್ನುತ್ತಾರೆ. ಕರೆಗತೆ ಮುಗಿದು, ನರಿ ತನ್ನ ಪೊದೆಯ ಹಿಂದೆ, ಆಮೆ ತನ್ನ ಕೊಳದ ಅಂಚಿನಲ್ಲಿ ಹೋಗಿ ನಿಂತ ಮೇಲೆ, ಚಿತ್ರದ ಮೇಲಿನ ತೆಳು ಕಾಗದವನ್ನು ಇಳಿಬಿಟ್ಟು ಪುಸ್ತಕ ಮುಚ್ಚಬೇಕು. ಊಟ ಆಮೇಲೆ. ಬೇರೆ ಊರುಗಳಲ್ಲಿ ಎದುರಾದವರು ಊಟ ಆಯಿತಾ ಎಂದು ಕೇಳುತ್ತಾರಂತೆ. ನಮ್ಮಲ್ಲಿ ಕೇಳುವುದು, "ನಿಮ್ಮನೆಯವು ಒಳಗಾದ್ವಾ?" ಎಂದು.

ಫ್ರೆಂಚರು ಇಲ್ಲಿ ಇದ್ದದ್ದು ಸ್ವಲ್ಪವೇ ಕಾಲ. ಹೋಗುವಾಗ ಫಿರಂಗಿಗಳನ್ನು ಹೊತ್ತುಕೊಂಡು ಹೋದರು, ಚರ್ಚಿನ ಗಂಟೆಯನ್ನೂ ಇಳಿಸಿಕೊಂಡು ಹೋದರು. ನೀತಿಕತೆಗಳ ಪುಸ್ತಕಗಳನ್ನು ಮಾತ್ರ ಬಿಟ್ಟರು. ಚರ್ಮದ ರಟ್ಟು, ಹಾಳೆಗಳ ಅಂಚಿಗೆ ಚಿನ್ನದ ಬಣ್ಣ, ಪ್ರತಿ ಕತೆಗೂ ತಾಮ್ರದ ತಗಡಿನಿಂದ ಒತ್ತಿದ ಒಂದು ಚಿತ್ರ. ಅವರ ಅಡುಗೆಯವರು, ಬಟ್ಟೆ ಒಗೆಯುವವರು, ದೋಣಿ ನಡೆಸುವವರು ಅವನ್ನು ಮನೆಗೆ ತಂದಿಟ್ಟುಕೊಂಡರು. ಓದಲು ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಅಜ್ಜಿಯರು ಚಿತ್ರ ನೋಡಿ ತಮಗೆ ತೋಚಿದ ಕತೆ ಕಟ್ಟಿದರು. ಒಂದೇ ಅಚ್ಚಿನ ಒಂದೇ ಚಿತ್ರಕ್ಕೆ ಈ ಮನೆಯಲ್ಲಿ ಒಂದು ಕತೆ, ಪಕ್ಕದ ಮನೆಯಲ್ಲಿ ಇನ್ನೊಂದು. ಪ್ರಾಣಿಗಳು ಬರುವುದು ತಮ್ಮ ಮನೆಯ ಕತೆಗೆ ಮಾತ್ರ. ತೆರೆದಿಟ್ಟ ಪುಟದವು ಮಾತ್ರ ಹೊರಬರುವುದರಿಂದ ಹೆಚ್ಚಿನ ಮನೆಗಳಲ್ಲಿ ಯಾವಾಗಲೂ ಒಂದೇ ಪುಟ ತೆರೆಯುತ್ತಾರೆ, ಒಂದು ಕರೆಗತೆಯಲ್ಲಿ ಕೆಲಸ ಮುಗಿಯಲಿ ಎಂದು.

ಅವು ಚಿತ್ರದಲ್ಲಿ ಎಷ್ಟಿವೆಯೋ ಅಷ್ಟೇ ದೊಡ್ಡವು. ಸಿಂಹವೆಂದರೆ ಹೆಬ್ಬೆರಳಿನ ಗಾತ್ರ. ಮೈಯೆಲ್ಲ ಸಣ್ಣ ಸಣ್ಣ ಕಪ್ಪು ಗೆರೆ. ನಾವು ಹಾಸಿಗೆಯನ್ನು ಜೋರಾಗಿ ಕೊಡವುವುದಿಲ್ಲ, ಚಪ್ಪಲಿಯೊಳಗೆ ನೋಡದೆ ಕಾಲಿಡುವುದಿಲ್ಲ. ಬೇಳೆ ಆರಿಸುವಾಗ ಕಲ್ಲಿನ ಜೊತೆ ಒಂದು ಮೊಲ ಸಿಕ್ಕರೆ ಪಕ್ಕಕ್ಕೆ ಎತ್ತಿಟ್ಟು ಕೆಲಸ ಮುಂದುವರಿಸುತ್ತೇವೆ. ಕೈಯಿಂದ ಬಣ್ಣ ಬಳಿದ ಪುಸ್ತಕದವನ್ನು ಬಚ್ಚಲಿನ ಹತ್ತಿರ ಬಿಡಬಾರದೆಂದು ಮನೆಗೆ ಬಂದ ಹೊಸ ಸೊಸೆಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ರಾತ್ರಿ ಹೊರಗೇ ಉಳಿದ ಪ್ರಾಣಿ ಬೆಳಗಿನ ಹೊತ್ತಿಗೆ ಒಂದೆರಡು ಗೆರೆ ಉದುರಿಸಿಕೊಂಡಿರುತ್ತದೆ. ಹಾಗೆಯೇ ಉಳಿದರೆ ದಿನದಿಂದ ದಿನಕ್ಕೆ ತೆಳುವಾಗಿ ಕೊನೆಗೆ ಗುಡಿಸುವ ಕಸದಲ್ಲಿ ಸೇರಿ ಹೋಗುತ್ತದೆ. ಆಗ ಪುಟದಲ್ಲಿ ಅದರ ಜಾಗ ಬೆಳ್ಳಗೆ ಉಳಿಯುತ್ತದೆ. ನನಗೆ ಜೀವನದಲ್ಲಿ ಇರುವ ಭಯಗಳಲ್ಲಿ ಮುಖ್ಯವಾದದ್ದು ಇದೇ.

ನಾನು ಈ ಪುಸ್ತಕಗಳನ್ನು ಕೂಡಿಸುತ್ತೇನೆ. ಮದುವೆಯಾಗಿ ಬಂದ ವರ್ಷ ಅತ್ತೆ ಕೊಟ್ಟ ಒಂದು ಪುಸ್ತಕದಿಂದ ಶುರುವಾದದ್ದು ಈಗ ಗಾಜಿನ ಬೀರುವಿನಷ್ಟಾಗಿದೆ. ತೇವ ಹಿಡಿಯದಂತೆ ಸುಣ್ಣದ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಳಲ್ಲಿ ಇಡುತ್ತೇನೆ, ಬೆಳ್ಳಿಹುಳ ಬಾರದಂತೆ ಒಣ ಬೇವಿನೆಲೆ. ದಿನವೂ ಒಂದೆರಡು ಪುಸ್ತಕವನ್ನಾದರೂ ತೆರೆಯಲೇಬೇಕು, ಇಲ್ಲದಿದ್ದರೆ ಒಳಗಿರುವವಕ್ಕೆ ಕಾಲು ಹಿಡಿದುಕೊಳ್ಳುತ್ತದೆ. ಪುಸ್ತಕ ಕೊಳ್ಳುವುದು ಕಷ್ಟವಲ್ಲ, ಕರೆಗತೆ ಕಲಿಯುವುದು ಕಷ್ಟ. ಪುಸ್ತಕ ಕೊಡುವ ಮನೆಯವರು ತಮ್ಮ ಕತೆಯನ್ನೂ ಕಲಿಸಿ ಕೊಡಬೇಕು ಎನ್ನುವುದು ಊರಿನ ಪದ್ಧತಿ. ನಾನು ಒಂದು ಪದವೂ ಆಚೀಚೆಯಾಗದಂತೆ ಕಲಿಯುತ್ತೇನೆ. ಮಾತಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಜೋಪಾನ.

ಕಾಲೇಜಿನಲ್ಲಿ ಎರಡು ವರ್ಷ ಫ್ರೆಂಚ್ ಓದಿದ್ದೆ. ಅತ್ತೆ ಕೊಟ್ಟ ಪುಸ್ತಕದ ಕತೆಯನ್ನು ಮೊದಲ ಸಂಜೆ ಪುಟದಲ್ಲಿ ಇದ್ದಂತೆಯೇ ಫ್ರೆಂಚಿನಲ್ಲಿ ಓದಿದೆ. ನರಿ ಸೀಲಿಂಗ್ ಫ್ಯಾನಿನ ಕಡೆ ನೋಡುತ್ತ ಕೂತಿತ್ತು. ನನ್ನ ಗಂಡ ಮಾಧವ ಬಾಗಿಲಿಗೆ ಒರಗಿ ನಕ್ಕರು. "ಅದು ಹುಟ್ಟಿದ್ದು ಎಲ್ಲಾದ್ರೂ ಇರ್ಲಿ ಇಂದೂ, ಬೆಳೆದಿದ್ದು ನಮ್ಮಮ್ಮನ ಕೈಯಲ್ಲಿ." ಆಗ ಅವರು ಕರೆಗತೆಯ ಹೊತ್ತಿಗೆ ಹತ್ತಿರವೇ ಕೂತಿರುತ್ತಿದ್ದರು. ಒಮ್ಮೆ ಅವರು ಜೋರಾಗಿ ಸೀನಿದ್ದಕ್ಕೆ ಮೊಲವೊಂದು ಬೀರುವಿನ ಕೆಳಗೆ ಸೇರಿಕೊಂಡು, ಅದನ್ನು ಹೊರಡಿಸಲು ಬಹಳ ಹೊತ್ತು ಹಿಡಿಯಿತು. ನಾನು ಏನೋ ಅಂದೆ. ಅಂದಿನಿಂದ ಅವರು ಆ ಹೊತ್ತಿನಲ್ಲಿ ರೇಡಿಯೋ ಆರಿಸಿ ಪಕ್ಕದ ಕೋಣೆಯಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡರು. ಪುಸ್ತಕಗಳು ಹೆಚ್ಚಾದ ಮೇಲೆ ತಾವೇ ಬಡಿಸಿಕೊಂಡು ಉಣ್ಣುವುದನ್ನೂ ಕಲಿತರು. ದೋಣಿಕಟ್ಟೆಯ ಕಚೇರಿಯಲ್ಲಿ ಇಡೀ ದಿನ ಗದ್ದಲ ಕೇಳುವವರು, ಸಂಜೆಯ ಈ ಮೌನ ಅವರಿಗೆ ಹಿತವೇ ಇರಬೇಕು ಎಂದುಕೊಂಡಿದ್ದೆ.

ತುಂಗಮ್ಮನ ಪುಸ್ತಕದ ಸುದ್ದಿ ಹೇಳಿದವರು ರಟ್ಟು ಕಟ್ಟುವ ಖಾದರ್ ಸಾಹೇಬರು. ಹಳೇ ಸುಂಕದ ಕಟ್ಟೆಯ ಹಿಂದಿನ ಬೀದಿಯಲ್ಲಿ ಆ ಮನೆ. ಊರಿನ ಎಲ್ಲ ಪುಸ್ತಕಗಳಿಗಿಂತ ಹಳೆಯದಂತೆ, ಬೆನ್ನಿನ ಹೊಲಿಗೆ ಇನ್ನೂ ಮೊದಲಿನದೇ. "ಹೋಗೋದಿದ್ರೆ ಬೇಗ ಹೋಗಮ್ಮ," ಎಂದರು ಸಾಹೇಬರು, ಅಂಟಿನ ಕೈಯನ್ನು ಒರೆಸಿಕೊಳ್ಳುತ್ತ. "ಪುಸ್ತಕ ಗಟ್ಟಿ ಇದೆ. ಆಯಮ್ಮ ಗಟ್ಟಿ ಇಲ್ಲ."

ತುಂಗಮ್ಮ ನಡುಮನೆಯ ಮಂಚದಲ್ಲಿ ಮಲಗಿದ್ದರು. ಮಗಳು ವಾರಿಜ ಬಾಗಿಲ ಬಳಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ನನ್ನದೇ ವಯಸ್ಸಿನವಳು, ಮದುವೆಯಾಗಿರಲಿಲ್ಲ. ನಾನು ಬಂದ ಕಾರಣ ಹೇಳಿದಾಗ ಸೂಜಿಯಿಂದ ತಲೆ ಎತ್ತಲಿಲ್ಲ.

"ತಗೊಂಡು ಹೋಗಿ. ಅಮ್ಮನ ಕಾಲ ಆದ್ಮೇಲೆ ನಾನೇನು ಆ ಮೇಕೆ ಮುಂದೆ ಕತೆ ಹೇಳ್ಕೊಂಡು ಕೂರೋಳಲ್ಲ."

"ಅವಳಿಗೆ ಮೇಕೆ ಕಂಡ್ರೆ ಮತ್ಸರ," ಎಂದರು ತುಂಗಮ್ಮ ಮಂಚದಿಂದ. "ಚಿಕ್ಕೋಳಿಂದ್ಲೂ."

"ಹೌದಮ್ಮ. ಅದಕ್ಕೆ ಎರಡು ಕೊಂಬು, ನನಗಿಲ್ಲ."

ತುಂಗಮ್ಮ ನಕ್ಕರು, ನಗು ಕೆಮ್ಮಾಯಿತು. ವಾರಿಜ ಎದ್ದು ಬಂದು ಅವರ ಬೆನ್ನು ತಟ್ಟಿ, ನೀರು ಕುಡಿಸಿ, ಮತ್ತೆ ಹೋಗಿ ಸೂಜಿ ಹಿಡಿದಳು.

ಪುಸ್ತಕವನ್ನು ತೆರೆದು ನೋಡಿದೆ. ಗೆರೆಗಳು ಅಷ್ಟು ಸಣ್ಣ, ಅಷ್ಟು ತೀಕ್ಷ್ಣ. ಕಾಡಿನ ಒಂದು ಗುಡಿಸಲು, ಒಳಗೆ ಮಂಚದ ಮೇಲೆ ತಲೆಗೆ ಟೋಪಿ ಹಾಕಿಕೊಂಡು ಮಲಗಿದ ತೋಳ, ಹೊಸ್ತಿಲ ಹೊರಗೆ ನಿಂತ ಒಂದು ಮೇಕೆ. ಮೇಕೆಯ ಕೊರಳಲ್ಲಿ ಗಂಟೆ, ಕೊಂಬಿಗೆ ತೂಗುಹಾಕಿದ ಪುಟ್ಟ ಪಾತ್ರೆ. ಕೆಳಗಿನ ಪದ್ಯವನ್ನು ಓದಿದೆ. ಅದರಲ್ಲಿ ಮೇಕೆ ಒಳಗೆ ಹೋಗುತ್ತದೆ. ನೀತಿಯನ್ನು ಕೊನೆಯಲ್ಲಿ ಬಾಯಿ ಒರೆಸಿಕೊಂಡು ತೋಳವೇ ಹೇಳುತ್ತದೆ. ಇದನ್ನು ನಾನು ತುಂಗಮ್ಮನಿಗೆ ತಿಳಿಸಲಿಲ್ಲ.

ಮುಂದಿನ ಸಂಜೆಯಿಂದ ಕಲಿಯಲು ಹೋದೆ. ಆ ಮೇಕೆ ಹಗಲೆಲ್ಲ ಪಾತ್ರೆಯನ್ನು ಹೊಸ್ತಿಲಲ್ಲೇ ಇಟ್ಟು ಹೊರಗೆ ಬರುತ್ತಿತ್ತು, ವಾರಿಜಳ ದಾರದ ಉಂಡೆಯ ಸುತ್ತ ಸುಳಿಯುತ್ತಿತ್ತು, ಕತ್ತರಿಸಿ ಬಿದ್ದ ದಾರದ ತುಣುಕನ್ನು ಹುಲ್ಲಿನಂತೆ ಮೂಸುತ್ತಿತ್ತು. ತೋಳ ಎಂದೂ ಹೊರಬಂದದ್ದಿಲ್ಲವಂತೆ. "ಅದಕ್ಕೆ ಜ್ವರ ಅಲ್ವಾ," ಎಂದರು ತುಂಗಮ್ಮ, ಗೊತ್ತಿರಬೇಕಾದ ವಿಷಯವನ್ನು ಕೇಳಿದೆನೆಂಬಂತೆ. ದೀಪ ಹಚ್ಚಿದ ಮೇಲೆ ವಾರಿಜ ಹೊಲಿಗೆ ಮಡಿಸಿಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ತುಂಗಮ್ಮ ಪುಸ್ತಕವನ್ನು ಎದೆಯ ಮೇಲೆ ತೆರೆದಿಟ್ಟುಕೊಂಡು ಶುರು ಮಾಡುತ್ತಿದ್ದರು.

"ಒಂದು ಕಾಡಲ್ಲಿ ಒಂದು ತೋಳ. ಅದಕ್ಕೆ ಜ್ವರ. ನೋಡೋಕೆ ಯಾರೂ ಬರ್ಲಿಲ್ಲ. ಯಾಕ್ ಬರ್ತಾರೆ, ಎಲ್ಲರ ಮನೇಲೂ ಒಬ್ಬೊಬ್ಬರನ್ನ ತಿಂದಿತ್ತು. ಬಂದಿದ್ದು ಮೇಕೆ ಒಂದೇ. ಗಂಜಿ ಕಾಯಿಸ್ಕೊಂಡು ಬಂತು. ಬಾಗಿಲಲ್ಲಿ ನಿಂತ್ಕೊಂಡು ಯೋಚ್ನೆ ಮಾಡ್ತು, ಒಳಗೆ ಹೋಗ್ಲೋ, ಇಲ್ಲೇ ಇಟ್ಟು ಹೋಗ್ಲೋ. ಏ ವಾರೀ, ಹಾಲು ನೋಡೇ."

"ನೋಡ್ತಿದ್ದೀನಿ ಕಣಮ್ಮಾ," ಎಂದು ಅಡುಗೆಮನೆಯಿಂದ ಬೇಸರದ ದನಿ ಬರುತ್ತಿತ್ತು.

"ಆಗ ತೋಳ ಹೇಳ್ತು, ಒಳಗೆ ಬರ್ಬೇಡ ಕಣೇ, ನನಗೆ ನನ್ನ ಮೇಲೇ ನಂಬಿಕೆ ಇಲ್ಲ. ಮೇಕೆ ಹೇಳ್ತು, ಹಾಗಾದ್ರೆ ಗಂಜಿ ಆರೋ ತನಕ ಇಲ್ಲೇ ನಿಂತಿರ್ತೀನಿ. ಇನ್ನೂ ನಿಂತಿದೆ. ಗಂಜಿ ಇನ್ನೂ ಬಿಸಿಯಾಗಿದೆ."

ಅಷ್ಟೇ. ಮೇಕೆ ಎಲ್ಲಿದ್ದರೂ ಗಂಟೆ ಕುಣಿಸುತ್ತ ಬಂದು, ಮಂಚದ ಕಾಲು ಹತ್ತಿ, ಹೊದಿಕೆಯ ಮಡಿಕೆಗಳನ್ನು ದಾಟಿ ಪುಟದೊಳಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿತ್ತು. ಅದು ಬರುವ ತನಕ ತೋಳದ ಕಣ್ಣು ಬಾಗಿಲಿನ ಮೇಲೆಯೇ ಇರುತ್ತಿತ್ತು.

ನಾನು ಬಾಯಿಪಾಠ ಮಾಡಿದೆ. 'ಕಾಯಿಸ್ಕೊಂಡು' ಎನ್ನುವಲ್ಲಿ ತುಂಗಮ್ಮ ಉಸಿರು ಎಳೆದುಕೊಳ್ಳುವುದು, 'ನಂಬಿಕೆ ಇಲ್ಲ' ಎಂದ ಮೇಲೆ ಸ್ವಲ್ಪ ತಡೆಯುವುದು, ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ. ಸುಸ್ತಾದ ದಿನಗಳಲ್ಲಿ ಅವರ ಮಾತು ಹಾದಿ ತಪ್ಪುತ್ತಿತ್ತು. ಗಂಜಿ ಒಮ್ಮೆ ಸಾರಾಗುತ್ತಿತ್ತು, ತೋಳಕ್ಕೆ ಜ್ವರದ ಬದಲು ಕೆಮ್ಮು ಬರುತ್ತಿತ್ತು. ಆಗಲೂ ಮೇಕೆ ಬರುತ್ತಿತ್ತು. ಅದು ಅವರ ದನಿಯ ಬಲ, ನನಗೆ ಆ ಬಲವಿಲ್ಲ, ನಾನು ತಪ್ಪುವಂತಿಲ್ಲ ಎಂದು ತೀರ್ಮಾನಿಸಿಕೊಂಡೆ. ಹಾಲಿನ ಮಾತು ಬಂದಾಗಲೆಲ್ಲ ತಾಯಿ ಮಗಳ ಸಂಸಾರದ ಮಾತು ಮುಗಿಯಲೆಂದು ಮನಸ್ಸಿನಲ್ಲೇ ಬೆರಳಿಟ್ಟು ಕಾದು, ಮುಂದಿನ ವಾಕ್ಯದಿಂದ ಹಿಡಿದುಕೊಳ್ಳುತ್ತಿದ್ದೆ.

ಒಂದು ಸಂಜೆ ತುಂಗಮ್ಮ, "ಇವತ್ತು ನೀನು ಹೇಳಮ್ಮ, ನೋಡೋಣ," ಎಂದರು. ನಾನು ಹೇಳಿದೆ. ಒಳಗೆ ಹೋಗ್ಲೋ, ಇಲ್ಲೇ ಇಟ್ಟು ಹೋಗ್ಲೋ ಎನ್ನುವಾಗ ಅವರು ಮಲಗಿದಲ್ಲಿಂದಲೇ ಅಭ್ಯಾಸಬಲದಿಂದ ಹಾಲಿನ ಬಗ್ಗೆ ಕೂಗಿದರು, ವಾರಿಜ ಒಳಗಿಂದ ಎಂದಿನಂತೆ ಉತ್ತರ ಕೊಟ್ಟಳು. ನನಗೆ ಸ್ವಲ್ಪ ಕಸಿವಿಸಿಯಾಯಿತು, ಪರೀಕ್ಷೆಯ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ. ಅವರು ಮುಗಿಸಲೆಂದು ಕಾದು ಮುಂದುವರಿಸಿದೆ. ಮೇಕೆ ಬಂತು. ನನ್ನ ಮಣಿಕಟ್ಟಿನ ಮೇಲಿಂದ ಹಾದು ಪುಟದೊಳಗೆ ಹೋಯಿತು. ಅದರ ಗೊರಸಿನ ಸ್ಪರ್ಶ ಪೆನ್ನಿನ ಮೊನೆ ತಗುಲಿದಷ್ಟೇ ಇತ್ತು.

"ಬಂತಲ್ಲ," ಎಂದರು ತುಂಗಮ್ಮ. "ಇನ್ನು ನನಗೆ ಚಿಂತೆಯಿಲ್ಲ." ಪುಸ್ತಕವನ್ನು ತಾವೇ ಮುಚ್ಚಿ ನನ್ನ ಮಡಿಲಲ್ಲಿ ಇಟ್ಟರು. "ನಾನಿರೋ ತನಕ ತೆಗೀಬೇಡ. ತೆಗೆದ್ರೆ ಇಲ್ಲಿಗೇ ಬಂದ್ಬಿಡುತ್ತೆ. ಆಮೇಲೆ ತೆಗಿ." ನಾನು ಹೊರಡುವಾಗ ವಾರಿಜ ಬಾಗಿಲವರೆಗೂ ಬಂದಳು. ಅಡುಗೆಮನೆಯ ದೀಪ ಅವಳ ಬೆನ್ನ ಹಿಂದೆ ಇತ್ತು, ಮುಖ ಕಾಣಲಿಲ್ಲ. "ಸರಿ ಹೋಯ್ತು," ಎಂದಳು. ಯಾವುದು ಎಂದು ನಾನು ಕೇಳಲಿಲ್ಲ.

ತುಂಗಮ್ಮ ಗೌರಿ ಹಬ್ಬಕ್ಕೆ ಮುಂಚೆ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡಿ ಪುಸ್ತಕ ತೆರೆದೆ. ಮೇಕೆ ಪಾತ್ರೆಯನ್ನು ಹೊಸ್ತಿಲಲ್ಲಿ ಇಳಿಸಿ ಹೊರಗೆ ಬಂತು. ಮೇಜಿನ ಅಂಚಿಗೆ ಹೋಗಿ ಕೆಳಗೆ ನೋಡಿತು, ಕೋಣೆಯ ಮೂಲೆಗಳನ್ನು ನೋಡಿತು. ನಾನು ಒಂದು ದಾರದ ತುಣುಕನ್ನು ಹಾಕಿದೆ. ಮೂಸಲಿಲ್ಲ. ಸಂಜೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ಉಳಿದ ಪುಸ್ತಕಗಳಿಗಿಂತ ಮೊದಲು ಇದರ ಮುಂದೆ ಕೂತು ಹೇಳಿದೆ. ಗಂಟೆಯ ಸದ್ದು ಮಾಡುತ್ತ ಬಂತು, ಪುಟದ ಅಂಚಿನವರೆಗೂ ಬಂದು ನಿಂತಿತು. ನಾನು ಕತೆ ಮುಗಿಸಿದೆ. ಅದು ಅಲ್ಲೇ ನಿಂತಿತ್ತು, ತಲೆಯನ್ನು ಸ್ವಲ್ಪ ಓರೆಮಾಡಿಕೊಂಡು.

ಮತ್ತೆ ಹೇಳಿದೆ. ನಿಧಾನವಾಗಿ ಹೇಳಿದೆ, ಬೇಗ ಹೇಳಿದೆ. ಮಾರನೆಯ ಸಂಜೆ ಮಲಗಿಕೊಂಡು, ಪುಸ್ತಕವನ್ನು ತುಂಗಮ್ಮನಂತೆ ಎದೆಯ ಮೇಲೆ ಇಟ್ಟುಕೊಂಡು ಹೇಳಿದೆ. ಅದರ ಮಾರನೆಯ ದಿನ ಎಲೆಅಡಿಕೆ ಹಾಕಿಕೊಂಡು, ಅವರ ಬಾಯಿಯ ತೊದಲು ಬರಲೆಂದು. ರಸ ನುಂಗಿ ಕೆಮ್ಮು ಹತ್ತಿದ್ದಕ್ಕೆ ಮಾಧವ ನೀರು ತಂದುಕೊಟ್ಟರು. ನನ್ನ ಕೆಂಪು ಬಾಯಿಯನ್ನೂ ಮೇಜಿನ ಮೇಲಿನ ಮೇಕೆಯನ್ನೂ ನೋಡಿದರು. ಆ ಹೊತ್ತಿಗೆ ಅದರ ಪಕ್ಕೆಯ ಗೆರೆಗಳು ಉದುರಲು ಶುರುವಾಗಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಕ್ಷೌರದಂಗಡಿಯ ನೆಲದ ಮೇಲಿನ ಕೂದಲಿನಂಥ ಸಣ್ಣ ಸಣ್ಣ ಕಪ್ಪು ಚೂರು. ಅವನ್ನು ಗುಡಿಸಲು ಮನಸ್ಸು ಬಾರದೆ ಒಂದು ಬಿಳಿ ಕಾಗದದಲ್ಲಿ ತೆಗೆದಿಡುತ್ತಿದ್ದೆ.

"ವಾರಿಜನ್ನ ಹೋಗಿ ಕೇಳ್ಬಾರ್ದಾ?" ಎಂದರು ಮಾಧವ.

"ಹಾಗೆ ಕೇಳೋ ಪದ್ಧತಿಯಿಲ್ಲ."

ಅದು ನಿಜ. ಕಲಿಸಿದವರು ಸತ್ತ ಮೇಲೆ ಆ ಮನೆಗೆ ಹೋಗಿ ಕತೆ ಸರಿಯಿಲ್ಲ ಎನ್ನುವುದು, ಸತ್ತವರು ತಿಳಿದೇ ಮೋಸ ಮಾಡಿದರು ಎಂದಂತೆ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

"ಪದ್ಧತಿ ಮೇಕೆಗೆ ಗೊತ್ತಿದೆಯಾ?" ಎಂದು ಕೇಳಿ ಮಾಧವ ಲೋಟ ತೆಗೆದುಕೊಂಡು ಹೋದರು.

ನಾನು ಇನ್ನೂ ಕೆಲವು ದಿನ ಕಾದೆ. ನಾನು ಕಲಿತದ್ದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ ಎನ್ನುವ ನಂಬಿಕೆಯೊಂದು, ಆ ನಂಬಿಕೆ ಸುಳ್ಳಾದರೆ ಎನ್ನುವ ಹೆದರಿಕೆಯೊಂದು, ಎರಡೂ ಸೇರಿ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಮೇಕೆಯ ಹಿಂಗಾಲುಗಳು ಹೋದವು. ಮುಂದಿನ ಕಾಲುಗಳ ಮೇಲೆ ಹೇಗೋ ನಿಂತಿತ್ತು. ಪ್ರತಿ ಸಂಜೆಯೂ ಪುಟದ ಅಂಚಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಪುಟದೊಳಗೆ ತೋಳ ಮೊಣಕೈ ಊರಿ ಎದ್ದು ಕೂತಿತ್ತು. ಅದು ಹಾಗೆ ಕೂತದ್ದನ್ನು ಯಾರೂ ಎಂದೂ ನೋಡಿರಲಾರರು. ಅದನ್ನು ಕಂಡ ಸಂಜೆ ಚಪ್ಪಲಿ ಮೆಟ್ಟಿ ಹೊರಟೆ.

ವಾರಿಜಳ ಮನೆಯಲ್ಲಿ ದೀಪ ಹಚ್ಚಿತ್ತು. ಅವಳು ಅಡುಗೆಮನೆಯ ಬಾಗಿಲಿನಲ್ಲಿ ಸುಮ್ಮನೆ ನಿಂತಿದ್ದಳು. ಒಲೆ ಉರಿಯುತ್ತಿರಲಿಲ್ಲ. ನಾನು ಬಂದದ್ದಕ್ಕೆ ಆಶ್ಚರ್ಯಪಡದೆ ಚಾಪೆ ಹಾಸಿದಳು. ಪದ್ಧತಿಯ ಮಾತನ್ನು ಹೇಗೆ ಸುತ್ತಿಬಳಸಿ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕೊನೆಗೆ ಬಾಯಿಗೆ ಬಂದದ್ದು, "ಮೇಕೆ ಒಳಗೆ ಹೋಗ್ತಿಲ್ಲ," ಎಂದಷ್ಟೇ.

"ಹೇಗೆ ಹೇಳ್ತಿದ್ದೀರಿ? ಹೇಳಿ."

ಹೇಳಿದೆ. ಅವಳು ಗೋಡೆಗೆ ಒರಗಿ ಕೇಳಿದಳು. ತಾಯಿಯ ಮಾತುಗಳು ತಾಯಿಯ ಉಸಿರಿನ ಸಮೇತ ನನ್ನ ಬಾಯಲ್ಲಿ ಬಂದಾಗ ಅವಳ ಮುಖ ಸ್ವಲ್ಪ ಬಿಗಿಯಿತು. ಒಳಗೆ ಹೋಗ್ಲೋ, ಇಲ್ಲೇ ಇಟ್ಟು ಹೋಗ್ಲೋ ಎಂದು ಮುಗಿಸಿ ನಾನು ತೋಳದ ಮಾತಿಗೆ ಹೋದೆ. ಅವಳು ತುಟಿ ತೆರೆದಿದ್ದಳು, ಮುಚ್ಚಿದಳು.

"ಹಾಲು ಎಲ್ಲಿ?" ಎಂದು ಕೇಳಿದಳು.

"ಯಾವ ಹಾಲು?"

"ಅಮ್ಮ ಹಾಲು ನೋಡೇ ಅಂತಿದ್ರಲ್ಲ."

"ಅದು ಕತೆಯಲ್ಲವಲ್ಲ," ಎಂದೆ. "ಅದು ನಿಮಗೆ ಹೇಳ್ತಿದ್ದಿದ್ದು."

ವಾರಿಜ ಗೋಡೆಯಿಂದ ಬೆನ್ನು ತೆಗೆದಳು. "ಎಷ್ಟೋ ವರ್ಷದಿಂದ ನಮ್ಮನೇಲಿ ಸಂಜೆ ಹಾಲೇ ಇರ್ತಿರ್ಲಿಲ್ಲ," ಎಂದಳು. "ಹಾಲು ತರ್ತಿದ್ದಿದ್ದು ಬೆಳಿಗ್ಗೆ. ನಾನು ಚಿಕ್ಕೋಳಿದ್ದಾಗ ಒಂದು ಸಲ ಬಾಗಿಲಲ್ಲಿ ನಿಂತು ಕತೆ ಕೇಳ್ತಾ ಕೇಳ್ತಾ ಹಾಲು ಉಕ್ಕಿಸಿಬಿಟ್ಟಿದ್ದೆ. ಅವತ್ತು ಕೂಗಿದ್ರು. ಆಮೇಲೆ ದಿನಾ ಅಲ್ಲಿಗೆ ಬಂದ ತಕ್ಷಣ ಕೂಗೋರು. ಹಾಲಿದ್ರೂ ಕೂಗೋರು, ಇಲ್ದಿದ್ರೂ ಕೂಗೋರು. ಮೊದಮೊದಲು ನಗು ಬರೋದು. ಆಮೇಲಾಮೇಲೆ ಮೈ ಉರಿಯೋದು. ಮೂರು ಹೊತ್ತೂ ಅವರ ಸೇವೆ ನಾನೇ ಮಾಡ್ತಿದ್ದೆ. ಅವರು ಇಡೀ ದಿನದಲ್ಲಿ ಹೆಸರು ಹಿಡಿದು ಕರೀತಿದ್ದಿದ್ದು ಅದೊಂದೇ ಸಲ, ಅದೂ ಮೇಕೆ ಕತೆ ಮಧ್ಯೆ." ಸೆರಗಿನ ಅಂಚನ್ನು ಉಗುರಿನಿಂದ ತಿಕ್ಕಿದಳು. "ಸರಿಯಾಗಿ ಉತ್ತರ ಕೊಟ್ಟೋಳೇ ಅಲ್ಲ ನಾನು. ಈಗ ಸಂಜೆ ಆದ್ರೆ ಬಾಯಿ ತಾನಾಗೇ ತೆರೆಯುತ್ತೆ. ಕೂಗೋರಿಲ್ಲ."

ಆ ಮನೆಯ ಹಾಲು ದಿನವೂ ಅದೇ ವಾಕ್ಯದ ಕೊನೆಗೆ ಉಕ್ಕುತ್ತಿದ್ದದ್ದು ನನಗೆ ಒಮ್ಮೆಯಾದರೂ ವಿಚಿತ್ರವೆನಿಸಬೇಕಿತ್ತು. ಒಂದೂ ಪದ ಬಿಡದೆ ಕಲಿತೆನೆಂದುಕೊಂಡವಳು ನಾನು. ಬಿಟ್ಟದ್ದು ಎರಡು ಜನರನ್ನು.

ಅವಳು ಆ ಸಂಜೆಯೇ ನನ್ನ ಜೊತೆ ಬಂದಳು. ದಾರಿಯಲ್ಲಿ ಮನೆಮನೆಯಿಂದ ಕರೆಗತೆಗಳು ಮುಗಿಯುತ್ತ ಬಂದಿದ್ದವು, ಪುಸ್ತಕ ಮುಚ್ಚುವ ಸದ್ದುಗಳು ಕೇಳುತ್ತಿದ್ದವು. ನಮ್ಮ ಮನೆಯಲ್ಲಿ ಮೇಜಿನ ಮೇಲೆ ಮೇಕೆಯನ್ನು ಕಂಡು ಅವಳು ಬಗ್ಗಿ, ಅದರ ಮುಂದೆ ತನ್ನ ಬೆರಳಿಟ್ಟಳು. ಅದು ಬೆರಳನ್ನು ಮೂಸಿತು, ದಾರದ ವಾಸನೆಯಿತ್ತೋ ಏನೋ. ಅವಳು ಸೀದಾ ನನ್ನ ಅಡುಗೆಮನೆಗೆ ಹೋದಳು. ನಾನು ಶುರು ಮಾಡಿದೆ. ತೋಳ, ಜ್ವರ, ಗಂಜಿ. ಆ ಜಾಗ ಬಂದಾಗ ನನ್ನ ನಾಲಿಗೆ ಹೊರಳದೆ ಒಂದು ಕ್ಷಣ ತಡವಾಯಿತು. ನನ್ನದಲ್ಲದ ಸಲಿಗೆಯ ಮಾತು ಅದು. "ಏ ವಾರೀ, ಹಾಲು ನೋಡೇ," ಎಂದೆ.

ಒಳಗಿಂದ ಉತ್ತರವಿಲ್ಲ. ಮೇಕೆ ಪುಟದ ಅಂಚಿನಲ್ಲಿ ತಲೆ ಓರೆಮಾಡಿ ನಿಂತಿತ್ತು. ಆಗ ನನಗೆ ಗೊತ್ತಾಯಿತು, ಇಷ್ಟು ಸಂಜೆಗಳೂ ಅದು ಕಿವಿಯೊಡ್ಡಿ ಕಾದದ್ದು ಇದಕ್ಕೇ. ಮತ್ತೊಮ್ಮೆ ಕೂಗುವುದೋ ಬೇಡವೋ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಮೂಗೊರೆಸಿಕೊಂಡ ಸದ್ದಾಯಿತು.

"ನೋಡ್ತಿದ್ದೀನಿ ಕಣಮ್ಮಾ." ದನಿಯಲ್ಲಿ ಬೇಸರವಿರಲಿಲ್ಲ. "ನೀನು ಕತೆ ಮುಗಿಸು."

ಮೇಕೆ ಹೆಜ್ಜೆ ಎತ್ತಿತು. ಒಂದು ಕಾಲು ಪುಟದ ಒಳಗೆ ಇಟ್ಟಿತು, ಇನ್ನೊಂದು ಇಟ್ಟಿತು. ಒಳಗೆ ಹೋದದ್ದು ಅಷ್ಟೇ. ಕೊರಳಿನ ಗಂಟೆ ತಾನಾಗಿ ಜಾರಿ ಒಳಗೆ ಬಿತ್ತು. ಉಳಿದ ಮೈಗೆ ಹೆಜ್ಜೆ ಎಳೆಯುವ ಬಲವಿರಲಿಲ್ಲ. ಗೆರೆಗಳೆಲ್ಲ ಒಟ್ಟಿಗೆ ಸಡಿಲವಾಗಿ ಪುಟದ ಅಂಚಿನ ಹೊರಗೆ ಮೇಜಿನ ಮೇಲೆ ಸುರಿದವು. ನಾನು ಕತೆ ನಿಲ್ಲಿಸಲಿಲ್ಲ. ಗಂಜಿ ಇನ್ನೂ ಬಿಸಿಯಾಗಿದೆ ಎನ್ನುವವರೆಗೂ ಹೇಳಿದೆ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದಿದ್ದರೂ.

ಈಗ ಆ ಚಿತ್ರದಲ್ಲಿ ಹೊಸ್ತಿಲ ಹೊರಗೆ ಎರಡು ಮುಂಗಾಲು, ನೆಲದ ಮೇಲೆ ಒಂದು ಗಂಟೆ, ಪಕ್ಕದಲ್ಲಿ ಪಾತ್ರೆ. ತೋಳ ಮತ್ತೆ ಮಲಗಲಿಲ್ಲ. ಮೊಣಕೈ ಊರಿಕೊಂಡೇ ಕೂತಿದೆ.

"ಪುಸ್ತಕ ನೀವೇ ತಗೊಂಡು ಹೋಗಿ ವಾರಿಜಾ," ಎಂದೆ.

"ಅದನ್ನ ತಗೊಂಡು ಹೋಗಿ ನಾನೇನು ಮಾಡ್ಲಿ. ಕೂಗೋರು ಬೇಕಲ್ಲ." ಅವಳು ಮೇಜಿನ ಮೇಲಿನ ಗೆರೆಗಳನ್ನು ಅಂಗೈಯಂಚಿನಿಂದ ಒಟ್ಟುಮಾಡಿದಳು. ನಾನು ಕಾಗದದಲ್ಲಿ ತೆಗೆದಿಟ್ಟವನ್ನೂ ಕೊಟ್ಟೆ. ಎಲ್ಲವನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಮಾಧವ ದಾರಿಯವರೆಗೂ ಬಿಟ್ಟುಬರಲು ಎದ್ದರು, ಬೇಡವೆಂದಳು. ಹೊಸ್ತಿಲು ದಾಟಿದವಳು ತಿರುಗಿ, "ಸ್ವಲ್ಪ ಬೇಗ ಬಂದಿದ್ರೆ," ಎಂದಳು. ನನ್ನನ್ನು ಬೈಯುವಂತೆ ಇರಲಿಲ್ಲ. ತನಗೇ ಹೇಳಿಕೊಂಡಂತಿತ್ತು.

ಮಾರನೆಯ ಸಂಜೆ ಎಂದಿನಂತೆ ಬೀರುವಿನ ಮುಂದೆ ಕೂತೆ. ಒಂದೊಂದು ಮನೆಯಿಂದ ಒಂದೊಂದು ಕತೆ, ಎಲ್ಲ ಎಷ್ಟು ಶುಚಿಯಾಗಿವೆ ಎಂದು ಮೊದಲ ಬಾರಿಗೆ ಅನ್ನಿಸಿತು. ಯಾವುದರಲ್ಲೂ ನನ್ನ ಮನೆಯವರು ಯಾರೂ ಇರಲಿಲ್ಲ. ಅತ್ತೆಯ ಪುಸ್ತಕ ತೆಗೆದೆ. ನರಿ ಕಿಟಕಿಯ ಮೇಲಿತ್ತು. ಅಡುಗೆಮನೆಯಲ್ಲಿ ನಿಜವಾಗಿಯೂ ಹಾಲು ಇಟ್ಟಿದ್ದೆ, ಸಣ್ಣ ಉರಿಯಲ್ಲಿ. ಕತೆಯ ನಡುವೆ, ನರಿ ಕಿಟಕಿಯಿಂದ ಇಳಿಯುತ್ತಿರುವಾಗ, ತಲೆ ಎತ್ತಿ ಪಕ್ಕದ ಕೋಣೆಯ ಕಡೆ ತಿರುಗಿ ಕರೆದೆ. "ರೀ, ಹಾಲು ನೋಡ್ತೀರಾ?"

ಪಕ್ಕದ ಕೋಣೆಯಲ್ಲಿ ಕುರ್ಚಿ ಒಮ್ಮೆ ಕಿರ್ ಎಂದಿತು, ಆಮೇಲೆ ನಿಶ್ಶಬ್ದ. ರೇಡಿಯೋ ಇರಲಿಲ್ಲ, ಕೆಮ್ಮೂ ಇರಲಿಲ್ಲ. ನರಿಯೂ ಅರ್ಧ ದಾರಿಯಲ್ಲಿ ನಿಂತು ಆ ಬಾಗಿಲನ್ನು ನೋಡಿತು. ನಾನು ಕಾದೆ. ಸ್ವಲ್ಪ ಹೊತ್ತಿಗೆ ಹಾಲು ಸೀದ ವಾಸನೆ ಬಂತು. ಉಳಿದ ಕತೆಯನ್ನು ಮುಗಿಸಿ, ನರಿ ಪೊದೆಯ ಹಿಂದೆ ನಿಂತದ್ದನ್ನು ನೋಡಿ, ತೆಳು ಕಾಗದ ಇಳಿಬಿಟ್ಟು ಪುಸ್ತಕ ಮುಚ್ಚಿದೆ. ಮುಚ್ಚಿದ ಸದ್ದು ಕೇಳಿದ ಮೇಲೆ ಮಾಧವ ಎಂದಿನಂತೆ ಮೆಲ್ಲಗೆ ಹೊರಗೆ ಬಂದರು. ಒಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಕರೆದಿದ್ದು ನನ್ನನ್ನಾ?" ಎಂದರು. "ಕತೆಯಲ್ಲಿ ಬರೋ ಮಾತು ಅಂದ್ಕೊಂಡೆ ಕಣೇ."